ಹದಿನಾಲ್ಕನೇ ರೂಮಿನ ಕೆಮ್ಮು

ಕೇಳುಗರಿಗೆಲ್ಲ ನಮಸ್ಕಾರ.

ಧಾರವಾಡದ ಜಿಟಿಜಿಟಿ ಮಳೆ ಒಮ್ಮೆ ಹಿಡಿದುಕೊಂಡರೆ ವಾರಗಟ್ಟಲೆ ಬಿಡುವುದಿಲ್ಲ. ಅಂಥ ಮಳೆಯ ಒಂದು ಸಂಜೆ, ವೈದ್ಯನಾಗಿ ನಾನು ಹೋಗಿಬಂದು ಮಾಡುವ ಕಾಲೇಜು ಹಾಸ್ಟೆಲ್ಲಿನ ಹದಿನಾಲ್ಕನೇ ನಂಬರಿನ ರೂಮಿಗೆ ಕರೆದರು. ಒಳಗೆ ಮೂರು ಮಂಚ, ಮಧ್ಯೆ ಒಬ್ಬರು ನಿಲ್ಲುವಷ್ಟು ಜಾಗ. ಮಳೆ ಬರುತ್ತದೆ, ಸೊಳ್ಳೆ ಬರುತ್ತವೆ ಎಂದು ಕಿಟಕಿ ಭದ್ರವಾಗಿ ಮುಚ್ಚಿದ್ದರು. ಗೋಡೆಯಿಂದ ಗೋಡೆಗೆ ಕಟ್ಟಿದ ಹಗ್ಗದ ತುಂಬ ಮೂರು ದಿನದಿಂದ ಒಣಗದ ಬಟ್ಟೆ. ಕುಡಿಯುವ ನೀರಿನ ಬಾಟಲಿ ಮೂವರಿಗೂ ಒಂದೇ.

ಮೂಲೆಯ ಮಂಚದ ಮೇಲೆ ರಗ್ಗು ಹೊದ್ದು ಮಲಗಿದ್ದ ಹುಡುಗನಿಗೆ 102 ಡಿಗ್ರಿ ಜ್ವರ, ಮೈಕೈ ನೋವು, ಒಣ ಕೆಮ್ಮು. ನೋಡಿದರೆ ಫ್ಲೂ. "ಎರಡು ಮೂರು ದಿನ ಕ್ಲಾಸಿಗೆ ಹೋಗಬೇಡಪ್ಪ" ಅಂದೆ. "ಆಗಂಗಿಲ್ರಿ ಸರ್, ಅಟೆಂಡೆನ್ಸ್ ಮೊದಲೇ ಎಪ್ಪತ್ನಾಲ್ಕಕ್ಕ ಬಂದೈತ್ರಿ" ಅಂದ. ಮರುದಿನ ಬೆಳಿಗ್ಗೆ ಒಂದು ಜ್ವರದ ಗುಳಿಗೆ ನುಂಗಿ, ಮೈ ತಣ್ಣಗಾದ ಮೇಲೆ ಹೋಗಿ ಬೆಂಚಿನ ಮೇಲೆ ಕೂತಿದ್ದ. ಆ ವಾರ ಮುಗಿಯುವುದರೊಳಗೆ ಅದೇ ಮಹಡಿಯಲ್ಲಿ ಹನ್ನೊಂದು ಜನ ಮಲಗಿದರು.

ಹುಡುಗರು ಗುಂಪಾಗಿ ಇರುವ ಕಡೆ ಫ್ಲೂ ಎಷ್ಟು ಜೋರಾಗಿ ಓಡುತ್ತದೆ ಅನ್ನುವುದಕ್ಕೆ ವೈದ್ಯರು ಇಂದಿಗೂ ಕೊಡುವ ಒಂದು ಲೆಕ್ಕವಿದೆ. 1978ರ ಜನವರಿಯಲ್ಲಿ ಇಂಗ್ಲೆಂಡಿನ ಒಂದು ವಸತಿ ಶಾಲೆಯಲ್ಲಿ 763 ಹುಡುಗರಿದ್ದರು. ಎರಡು ವಾರದಲ್ಲಿ ಹಾಸಿಗೆ ಹಿಡಿದವರು 512. ಮೂವರಲ್ಲಿ ಇಬ್ಬರು ಅಂದ ಹಾಗಾಯಿತು. ಅವರ ಜೊತೆ ಒಡನಾಡಿದ ಸುಮಾರು 130 ದೊಡ್ಡವರಲ್ಲಿ ಕಾಯಿಲೆ ಬಿದ್ದದ್ದು ಒಬ್ಬರೇ. ಎಚ್1ಎನ್1 ಎಂಬ ಆ ಜಾತಿಯ ಫ್ಲೂ ವೈರಸ್ಸು 1957ರ ಹೊತ್ತಿಗೆ ಕಣ್ಮರೆಯಾಗಿ, ಇಪ್ಪತ್ತು ವರ್ಷ ಬಿಟ್ಟು ಮರಳಿ ಬಂದಿತ್ತು. ಹಿರಿಯರ ಮೈಗೆ ಅದರ ಗುರುತಿತ್ತು, ಹುಡುಗರ ಮೈಗೆ ಇರಲಿಲ್ಲ.

ಫ್ಲೂ ವೈರಸ್ಸು ಒಳಹೊಕ್ಕ ಮೇಲೆ ಜ್ವರ ಕಾಣಿಸಲು ಒಂದರಿಂದ ನಾಲ್ಕು ದಿನ ಬೇಕು, ಹೆಚ್ಚಿನವರಿಗೆ ಎರಡು ದಿನ. ಆದರೆ ಜ್ವರ ಬರುವ ಹಿಂದಿನ ದಿನವೇ ಅವರು ಬೇರೆಯವರಿಗೆ ಅಂಟಿಸಲು ಶುರುಮಾಡಿರುತ್ತಾರೆ, ಆಮೇಲೂ ಐದರಿಂದ ಏಳು ದಿನ ಅಂಟಿಸುತ್ತಾರೆ. ಗುಳಿಗೆ ಜ್ವರವನ್ನು ಇಳಿಸುತ್ತದೆ, ಕೆಮ್ಮಿನಲ್ಲಿ ಹೊರಬೀಳುವ ವೈರಸ್ಸನ್ನು ನಿಲ್ಲಿಸುವುದಿಲ್ಲ. ಹಾಗಾಗಿ ಲೆಕ್ಕ ಹಿಡಿಯಬೇಕಾದದ್ದು ಹೀಗೆ: ಗುಳಿಗೆಯಿಲ್ಲದೆ 24 ಗಂಟೆ ಜ್ವರ ಬಾರದಿದ್ದರೆ ಮಾತ್ರ ಕ್ಲಾಸು.

ಆ ನೀರಿನ ಬಾಟಲಿಯ ಮಾತಿಗೆ ಬರುತ್ತೇನೆ. ನಮ್ಮ ಅಜ್ಜಿಯಂದಿರು ತಂಬಿಗೆಯನ್ನು ಎತ್ತಿ ಹಿಡಿದು, ತುಟಿ ತಾಕದ ಹಾಗೆ ಕುಡಿಯಿರಿ ಎಂದು ಗದರುತ್ತಿದ್ದರು. ಎಂಜಲಿನ ಹೆಸರಿನಲ್ಲಿ ನಾವು ಮಾಡಿದ ಅನ್ಯಾಯಗಳೂ ಇವೆ, ಅದನ್ನು ಮರೆತು ಹೊಗಳುವುದು ಬೇಡ. ಆದರೆ ಎತ್ತಿ ಕುಡಿಯುವ ರೂಢಿ ಹಾಸ್ಟೆಲ್ಲಿಗೆ ಮರಳಿ ಬಂದರೆ ನನಗಂತೂ ಸಂತೋಷ. ಹಾಗೆಂದು ಬಾಟಲಿಯೊಂದನ್ನೇ ದೂರಬೇಡಿ. ಮುಚ್ಚಿದ ಕೋಣೆಯ ಗಾಳಿಯದು ಅದಕ್ಕಿಂತ ದೊಡ್ಡ ಪಾತ್ರ. ಕಿಟಕಿಗೆ ಸೊಳ್ಳೆ ಜಾಲರಿ ಹಾಕಿಸಿಕೊಟ್ಟರೆ ಹುಡುಗರು ತಾವಾಗಿಯೇ ತೆರೆದಿಡುತ್ತಾರೆ. ಕಿಟಕಿ ತೆಗೀರಿ ಎಂದು ನೋಟಿಸು ಅಂಟಿಸಿದರೆ ಯಾರೂ ತೆಗೆಯುವುದಿಲ್ಲ, ನಾನು ನೋಡಿದ್ದೇನೆ.

ಹನ್ನೊಂದು ಜನ ಮಲಗಿದಾಗ ಹಾಸ್ಟೆಲ್ ಮುಚ್ಚಿ ಎಲ್ಲರನ್ನೂ ಊರಿಗೆ ಕಳಿಸೋಣ ಎಂಬ ಮಾತು ಬಂತು. 2009ರ ಆಗಸ್ಟಿನಲ್ಲಿ ಪುಣೆಯಲ್ಲಿ ಹಂದಿಜ್ವರಕ್ಕೆ ದೇಶದ ಮೊದಲ ಸಾವು ಆದಾಗ ಅಲ್ಲಿ ಶಾಲೆ ಕಾಲೇಜು ಮುಚ್ಚಿದ್ದರು. ಅದು ಹೊಸ ವೈರಸ್ಸು, ಯಾರಿಗೂ ಏನೂ ತಿಳಿಯದ ಕಾಲ. ವರ್ಷವರ್ಷ ಬರುವ ಫ್ಲೂಗೆ ಹಾಗೆ ಮಾಡುವುದನ್ನು ನಾನು ಒಪ್ಪುವುದಿಲ್ಲ. ಕೆಮ್ಮುವ ಹುಡುಗ ತುಂಬಿದ ಬಸ್ಸಿನಲ್ಲಿ ನಾಲ್ಕು ತಾಸು ಕೂತು ಊರಿಗೆ ಹೋದರೆ ಅಲ್ಲಿ ಅಜ್ಜ ಇರುತ್ತಾನೆ, ಬಸುರಿ ಅಕ್ಕ ಇರುತ್ತಾಳೆ, ತೊಟ್ಟಿಲಲ್ಲಿ ಕೂಸು ಇರುತ್ತದೆ. ಇಪ್ಪತ್ತರ ಹುಡುಗ ಐದು ದಿನಕ್ಕೆ ಎದ್ದು ಓಡಾಡುತ್ತಾನೆ, ಇವರಿಗೆ ಅದೇ ಕಾಯಿಲೆ ನ್ಯುಮೋನಿಯಾಕ್ಕೆ ತಿರುಗಬಹುದು.

ಮುಚ್ಚುವ ಬದಲು ಕೆಳಮಹಡಿಯ ಎರಡು ಖಾಲಿ ರೂಮುಗಳನ್ನು ಜ್ವರದವರಿಗೆ ಬಿಟ್ಟೆವು. ಅಲ್ಲಿಂದ ಹೊರಬರುವಾಗ ಮಾಸ್ಕು ಕಡ್ಡಾಯ. ಮೆಸ್ಸಿನಿಂದ ಗಂಜಿ, ಮೆಣಸಿನ ಸಾರು ಡಬ್ಬಿಯಲ್ಲಿ ಬಾಗಿಲ ತನಕ ಬರುತ್ತಿತ್ತು, ತರುವವನು ಒಬ್ಬನೇ ಗೆಳೆಯ. ಮೆಸ್ಸಿನ ಕೈತೊಳೆಯುವ ನಲ್ಲಿಯ ಬಳಿ ಇಟ್ಟ ಸೋಪು ಮಧ್ಯಾಹ್ನದೊಳಗೆ ಯಾರದೋ ಬಕೆಟ್ಟು ಸೇರುತ್ತಿತ್ತು. ಅಡುಗೆಯ ಅಕ್ಕ ಈರುಳ್ಳಿ ಬರುವ ಬಲೆಚೀಲ ಕತ್ತರಿಸಿ, ಸೋಪನ್ನು ಅದರೊಳಗೆ ಹಾಕಿ ನಲ್ಲಿಗೇ ಕಟ್ಟಿಬಿಟ್ಟರು. ಈಗಲೂ ಅಲ್ಲೇ ತೂಗಾಡುತ್ತಿದೆ.

ಔಷಧದ ಬಗ್ಗೆ ಒಂದೆರಡು ಮಾತು. ಮೆಡಿಕಲ್ ಶಾಪಿಗೆ ಹೋಗಿ ಆಂಟಿಬಯೋಟಿಕ್ ಕೇಳಿ ತರುವ ಚಟ ಹುಡುಗರಲ್ಲಿ ಬಹಳ. ವೈರಸ್ಸಿಗೆ ಅದು ನಾಟುವುದಿಲ್ಲ. ಹೆಚ್ಚಿನವರಿಗೆ ಪ್ಯಾರಾಸಿಟಮಾಲ್, ನೀರು, ನಿದ್ದೆ ಸಾಕು, ಗಂಟಲಿನ ಪರೀಕ್ಷೆಯೂ ಬೇಡ. ಮಳೆಗಾಲದಲ್ಲಿ ಡೆಂಗಿಯೂ ಇದೇ ರೀತಿ ಮೈಕೈ ನೋವಿನಿಂದ ಶುರುವಾಗುವುದರಿಂದ ಆಸ್ಪಿರಿನ್, ಬ್ರುಫೆನ್ ತರಹದ ನೋವಿನ ಗುಳಿಗೆಗಳನ್ನು ನೀವಾಗಿಯೇ ನುಂಗಬೇಡಿ. ಆಸ್ತಮಾ, ಸಕ್ಕರೆ ಕಾಯಿಲೆ, ಹೃದ್ರೋಗ ಇದ್ದವರಾದರೆ ಕಾಯುತ್ತ ಕೂರದೆ ವೈದ್ಯರಿಗೆ ತೋರಿಸಬೇಕು. ಫ್ಲೂ ವೈರಸ್ಸಿನ ಮೇಲೇ ಕೆಲಸ ಮಾಡುವ ಒಸೆಲ್ಟಾಮಿವಿರ್ ಎಂಬ ಔಷಧವನ್ನು ಮೊದಲ 48 ಗಂಟೆಯೊಳಗೆ ಶುರುಮಾಡಿದರೆ ಹೆಚ್ಚು ಫಲ. ಉಸಿರಾಡಲು ಕಷ್ಟ, ಎದೆನೋವು, ತುಟಿ ನೀಲಿಯಾಗುವುದು, ಮಾತು ತಡವರಿಸುವುದು, ಇಲ್ಲವೇ ಜ್ವರ ಬಿಟ್ಟು ಎರಡು ದಿನವಾದ ಮೇಲೆ ಮತ್ತೆ ಜೋರಾಗಿ ಬರುವುದು: ಇವುಗಳಲ್ಲಿ ಒಂದು ಕಂಡರೂ ರೂಮಿನಲ್ಲಿ ಇಟ್ಟುಕೊಳ್ಳದೆ 108ಕ್ಕೆ ಫೋನ್ ಮಾಡಿ.

ಲಸಿಕೆಯೂ ಇದೆ. ವೈರಸ್ಸು ವೇಷ ಬದಲಿಸುತ್ತಲೇ ಇರುವುದರಿಂದ ವರ್ಷಕ್ಕೊಮ್ಮೆ ಹಾಕಿಸಬೇಕು, ಕೆಲಸ ಮಾಡಲು ಎರಡು ವಾರ ಹಿಡಿಯುತ್ತದೆ. ನಮ್ಮಲ್ಲಿ ಮಳೆ ಹಿಡಿಯುವ ಮುಂಚೆ ಹಾಕಿಸುವುದು ಒಳ್ಳೆಯದು. ಎಲ್ಲ ಹುಡುಗರಿಗೂ ಆಗದಿದ್ದರೆ ಮೊದಲು ಅಡುಗೆಯವರಿಗೆ, ವಯಸ್ಸಾದ ವಾಚ್‌ಮನ್‌ಗೆ, ಆಸ್ತಮಾ ಇರುವ ಹುಡುಗರಿಗೆ ಹಾಕಿಸಿ.

ಇಷ್ಟೆಲ್ಲ ಮಾಡಿದರೂ ಎಪ್ಪತ್ತೈದು ಪರ್ಸೆಂಟ್ ಹಾಜರಿ ಇರಲೇಬೇಕೆಂಬ ಕಾಲೇಜಿನ ನಿಯಮ ಇದ್ದೇ ಇತ್ತು. ಕ್ಲಾಸು ತಪ್ಪಿಸಿದರೆ ಮೆಡಿಕಲ್ ಸರ್ಟಿಫಿಕೇಟು ತಾ ಎನ್ನುತ್ತಾರೆ. ಅದಕ್ಕಾಗಿ ಜ್ವರದ ಹುಡುಗ ಆಸ್ಪತ್ರೆಯ ಬೆಂಚಿನ ಮೇಲೆ, ಬಾಣಂತಿಯರ ಪಕ್ಕ, ಎರಡು ತಾಸು ಕೆಮ್ಮುತ್ತ ಕೂರಬೇಕು. ಹುಡುಗರು ಸುಳ್ಳು ಹೇಳಿ ರಜೆ ಹಾಕುತ್ತಾರೆ ಎಂಬುದು ಮೇಷ್ಟ್ರುಗಳ ವಾದ. ಹಾಕುವವರು ಇದ್ದಾರೆ, ಇಲ್ಲ ಎನ್ನುವುದಿಲ್ಲ. ಅದಕ್ಕೆ ನಾನೂ ವಾರ್ಡನ್ನರೂ ಪ್ರಿನ್ಸಿಪಾಲರ ಮುಂದೆ ಕೂತು ಒಂದು ಏರ್ಪಾಡು ಮಾಡಿಕೊಂಡೆವು. ವಾರ್ಡನ್ನರೇ ಥರ್ಮಾಮೀಟರ್ ಇಟ್ಟು ನೋಡಿ ಬರೆದುಕೊಟ್ಟ ಚೀಟಿಗೆ ಮೂರು ದಿನದ ಹಾಜರಿ. ತಪ್ಪಿದ ಇಂಟರ್ನಲ್ಸ್ ಪರೀಕ್ಷೆಯನ್ನು ಮುಂದಿನ ವಾರ ಬರೆಯಬಹುದು.

ಮೊದಲ ವಾರ ಆರು ಚೀಟಿ ಹೋದವು. ಅದರಲ್ಲಿ ಒಂದರ ಮೇಲೆ ನನಗೆ ಅನುಮಾನವಿದೆ, ಆ ಹುಡುಗನ ಕೈಯಲ್ಲಿ ಆಗಷ್ಟೇ ಚಹಾದ ಲೋಟ ಇತ್ತು. ಉಳಿದ ಐವರು ಕೆಳಮಹಡಿಯಲ್ಲಿ ಗಂಜಿ ಕುಡಿದು ಮಲಗಿದರು.

ನಮಸ್ಕಾರ.