ಸ್ಲೇಟು ಬೇಡ, ಹಾಲಿನ ಪಾಸ್‌ಬುಕ್ ತನ್ನಿ

ಕೇಳುಗರಿಗೆ ನಮಸ್ಕಾರ. ಊರಿನ ದೊಡ್ಡವರಿಗೆ ಓದು ಬರಹ ಕಲಿಸಲು ಹೊರಟ ಸ್ವಯಂಸೇವಕರೇ, ಇವತ್ತಿನ ನನ್ನ ಮಾತು ನಿಮಗೆ. ಹೇಳೋದು ಒಂದೇ. ಅವರಿಗೆ ಬೇಕಾದ ಪದದಿಂದ ಶುರು ಮಾಡಿ.

2011ರ ಜನಗಣತಿಯಲ್ಲಿ ನಮ್ಮ ರಾಜ್ಯದ ಗಂಡಸರಲ್ಲಿ ನೂರಕ್ಕೆ 82 ಜನ ಸಾಕ್ಷರರು, ಹೆಂಗಸರಲ್ಲಿ 68. ನಿಮ್ಮ ತರಗತಿಗೆ ಬರುವವರಲ್ಲಿ ಹೆಂಗಸರೇ ಜಾಸ್ತಿ ಇರ್ತಾರೆ, ಅಲ್ವಾ? ಹಗಲೆಲ್ಲ ದುಡಿದು ಬಂದವರ ಮುಂದೆ ಅ ಆ ಇ ಈ ಇಟ್ಟರೆ ಕಣ್ಣು ಎಳೆಯುತ್ತದೆ. ದಯವಿಟ್ಟು ಅದನ್ನು ಬಿಡಿ.

ನಾನೂ ಒಬ್ಬ ಅಜ್ಜಿಗೆ ಎರಡು ತಿಂಗಳು ‘ಅ’ ತಿದ್ದಿಸಿದ್ದೆ. ಹತ್ತಲಿಲ್ಲ. ಒಂದು ರಾತ್ರಿ ಸೆರಗಿನ ಮರೆಯಿಂದ ಡೇರಿಯ ಪಾಸ್‌ಬುಕ್ ತೆಗೆದರು. ‘ಮೇಷ್ಟ್ರೇ, ಇದ್ರಲ್ಲಿ ಏನ್ ಬರ್ದವ್ರೆ, ಒಸಿ ಹೇಳ್ಕೊಡಿ’ ಅಂದರು. ಮೂಲೆ ಮಡಚಿದ, ಸಗಣಿ ಬೆರಳಿನ ಗುರುತಿದ್ದ ಪುಸ್ತಕ. ತಾರೀಖು, ಲೀಟರ್, ಫ್ಯಾಟ್, ದರ. ಬೆಳಿಗ್ಗೆ ನಾಲ್ಕು ಲೀಟರ್, ಸಂಜೆ ಮೂರೂವರೆ ಹಾಕಿದ್ದು ಅವರಿಗೆ ಬಾಯಲ್ಲೇ ಇತ್ತು. ಬೆರಳಿಟ್ಟು ‘ಇದೇ ಆ ನಾಲ್ಕು’ ಅಂದೆ. ಅಷ್ಟೇ. ವಾರದಲ್ಲಿ ಅಂಕಿಯೆಲ್ಲ ಬಂತು. ಆಮೇಲೆ ‘ದರ’. ದ ಮತ್ತು ರ ಸಿಕ್ಕಿತು. ಅದಕ್ಕೆ ಸ, ಗ, ಅ ಸೇರಿಸಿದರೆ ಸರ, ರಸ, ಅರಸ, ಗರಗಸ! ಸರ್ಕಾರಿ ಶಾಲೆಯ ನಲಿ-ಕಲಿ ತರಗತಿಯಲ್ಲಿ ಮಕ್ಕಳು ಮೊದಲು ಕಲಿಯೋದೂ ಇದೇ ಐದು ಅಕ್ಷರ. ಹಾಗಿರುವಾಗ ದೊಡ್ಡವರಿಗೆ ಯಾಕೆ ವರ್ಣಮಾಲೆ ಪೂರ್ತಿ ಬಾಯಿಪಾಠ?

ಬಟವಾಡೆಗೆ ಎರಡು ದಿನ ಮುಂಚೆ ಅಜ್ಜಿ ಒಂದು ಖಾಲಿ ಗೆರೆ ತೋರಿಸಿದರು. ‘ಮಂಗಳ್ವಾರ ಸಂಜೇದು ಬಿಟ್ಟೋಗದೆ!’ ಹೌದು, ಬಿಟ್ಟುಹೋಗಿತ್ತು. ಬೆಳಿಗ್ಗೆ ಡೇರಿಗೆ ಒಬ್ಬರೇ ಹೋಗಿ ಬರೆಸಿಕೊಂಡು ಬಂದರು. ಅವತ್ತಿನಿಂದ ಒಂದು ರಾತ್ರಿಯೂ ತಪ್ಪಿಸಲಿಲ್ಲ.

ನನ್ನ ಸಮಯ ಮುಗೀತಾ ಬಂತು, ಉಳಿದದ್ದು ಬೇಗ ಹೇಳ್ತೀನಿ. ನಲವತ್ತು ದಾಟಿದವರು ಪುಸ್ತಕವನ್ನು ದೂರ ಹಿಡಿದರೆ ಅದು ಚಾಳೀಸು. ದಡ್ಡತನ ಅಂದುಕೊಳ್ಳಬೇಡಿ, ಮೊದಲು ಕನ್ನಡಕ ಹಾಕಿಸಿ. ಪೆನ್ಸಿಲ್ ಹಿಡಿಯಲು ಬೆರಳು ಬಗ್ಗದಿದ್ದರೆ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಬರೆಸಿ. ಆ ಕೈ ಚುಕ್ಕಿಗೆ ಚುಕ್ಕಿ ಸೇರಿಸಿ ಪಳಗಿದ ಕೈ. ಮತ್ತೆ, ‘ಹೇಳು ನೋಡೋಣ’ ಅಂತ ಏಕವಚನದಲ್ಲಿ ಕೇಳಲೇಬೇಡಿ. ಅವರು ಸಂಸಾರ ನಡೆಸಿದವರು.

ನಾಳೆ ಸಂಜೆ ಸ್ಲೇಟು ಹಂಚಬೇಡಿ. ಹಾಲಿನ ಪಾಸ್‌ಬುಕ್, ಸಂಘದ ಉಳಿತಾಯದ ಪುಸ್ತಕ, ರೇಷನ್ ಕಾರ್ಡು, ಮನೆಯಲ್ಲಿ ಏನಿದೆಯೋ ಅದನ್ನೇ ತರೋಕೆ ಹೇಳಿ. ನಮಸ್ಕಾರ.