ಬಣ್ಣ ಬೇರೆ, ಗಡಸು ಬೇರೆ: ಹಳೆ ಬಂದೂಕಿನ ಭಾಗಗಳಿಗೆ ಕಲರ್ ಕೇಸ್ ಹಾರ್ಡನಿಂಗ್

ಎಲ್ಲರಿಗೂ ನಮಸ್ಕಾರ.

ಹಳೆ ಬಂದೂಕಿನ ಲಾಕ್ ಪ್ಲೇಟನ್ನು, ಅಂದರೆ ಗುಂಡು ಹಾರಿಸುವ ಯಂತ್ರವನ್ನು ಹೊತ್ತ ಪಕ್ಕದ ತಗಡನ್ನು, ಬೆಳಕಿಗೆ ಹಿಡಿದು ನೋಡಿದ್ದೀರಾ? ನೀಲಿ, ಕಂದು, ಒಣಹುಲ್ಲಿನ ಹಳದಿ, ನಡುನಡುವೆ ಬೂದು, ಎಲ್ಲ ಒಂದರೊಳಗೊಂದು ಹರಿದುಕೊಂಡಿರುತ್ತವೆ. ಆದರೆ ಅಲ್ಲಿ ಯಾರೂ ಬಣ್ಣ ಬಳಿದಿಲ್ಲ. ಅದು ಉಕ್ಕಿನ ಮೇಲೆ ಕೂತ ತೀರಾ ತೆಳುವಾದ ಆಕ್ಸೈಡ್ ಪದರ. ಪದರದ ದಪ್ಪ ಬದಲಾದ ಹಾಗೆ ಕಾಣುವ ಬಣ್ಣವೂ ಬದಲಾಗುತ್ತದೆ. ಸೋಪಿನ ಗುಳ್ಳೆಯಲ್ಲಿ ನೋಡುತ್ತೇವಲ್ವಾ, ಅದೇ ಥರ.

1873ರ ಕೋಲ್ಟ್ ಸಿಂಗಲ್ ಆಕ್ಷನ್ ರಿವಾಲ್ವರಿನ ಫ್ರೇಮಿನ ಮೇಲೆ ಇದೇ ಬಣ್ಣ ಇದೆ. ಇದು ಬರೀ ಅಂದಕ್ಕೆ ಮಾಡಿದ ಕೆಲಸವಲ್ಲ. ಆಗಿನ ಕಬ್ಬಿಣದಲ್ಲಿ, ಮೆದು ಉಕ್ಕಿನಲ್ಲಿ ಇಂಗಾಲ ತುಂಬಾ ಕಡಿಮೆ. ಸುಮ್ನೆ ಕಾಯಿಸಿ ನೀರಿಗೆ ಹಾಕಿದರೆ ಅದು ಗಡಸಾಗುವುದಿಲ್ಲ. ಅದಕ್ಕೇ ಹೊರಮೈಗೆ ಮಾತ್ರ ಇಂಗಾಲ ಉಣಿಸಿ ಗಡಸು ಮಾಡುತ್ತಿದ್ದರು. ಕೇಸ್ ಹಾರ್ಡನಿಂಗ್ ಅಂದರೆ ಇದೇ. ಹೊರಗೆ ಅರವೂ ಜಾರುವಷ್ಟು ಗಡಸು, ಒಳಗೆ ಪೆಟ್ಟು ತಾಳುವ ಮೆದು.

ಮಾಡುವ ಬಗೆ ಹೀಗೆ. ಉಕ್ಕಿನ ಪೆಟ್ಟಿಗೆಯಲ್ಲಿ ಮರದ ಇದ್ದಿಲು ಮತ್ತು ಮೂಳೆ ಇದ್ದಿಲಿನ ಪುಡಿ ಬೆರೆಸಿ ತುಂಬಬೇಕು. ಭಾಗವನ್ನು ಅದರ ನಡುವೆ ಹೂಳಬೇಕು, ಪೆಟ್ಟಿಗೆಯ ಗೋಡೆಗೆ ತಾಗಬಾರದು. ಮುಚ್ಚಳ ಹಾಕಿ ಕುಲುಮೆಗೆ ಇಟ್ಟರೆ ಒಳಗೆ ಉಳಿದ ಗಾಳಿ ಮತ್ತು ಇದ್ದಿಲು ಸೇರಿ ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಉಕ್ಕಿಗೆ ಇಂಗಾಲ ಕೊಡುವುದು ಆ ಅನಿಲವೇ. ಅದು ವಿಷ. ಗಾಳಿ ಚೆನ್ನಾಗಿ ಆಡದ ಕೋಣೆಯಲ್ಲಿ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಕಾವು ಜಾಸ್ತಿಯಾದಷ್ಟೂ ಇಂಗಾಲ ಬೇಗ ಇಳಿಯುತ್ತದೆ, ಆದರೆ ಬಣ್ಣ ಕೆಡುತ್ತದೆ. ಹಾಗಾಗಿ ನೀರಿಗೆ ಹಾಕುವ ಮೊದಲು 750 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿಸಿಕೊಳ್ಳುವುದು ಒಳ್ಳೆಯದು.

ಪಾಲಿಷ್ ಬಗ್ಗೆ ಒಂದೇ ಮಾತು: ನುಣ್ಣಗಿರಲಿ, ಬೆರಳಿನ ಜಿಡ್ಡೂ ಇರಬಾರದು. ಉಜ್ಜುವ ಭರದಲ್ಲಿ ಹಳೆ ಅಕ್ಷರಗಳನ್ನು ಅಳಿಸಬೇಡಿ.

ಈಗ ನನಗೆ ತುಂಬಾ ಇಷ್ಟವಾದ ಘಟ್ಟ. ಪೆಟ್ಟಿಗೆಯನ್ನು ಚಿಮಟದಲ್ಲಿ ಎತ್ತಿ ತಂದು ನೀರಿಗೆ ಮಗುಚಬೇಕು. ಇದ್ದಿಲು, ಭಾಗ ಎರಡೂ ಒಟ್ಟಿಗೇ ಬೀಳಬೇಕು, ನಡುವೆ ಗಾಳಿ ಸೋಕಬಾರದು. ನೀರಿನ ತಳದಿಂದ ಗಾಳಿಯ ಗುಳ್ಳೆಗಳನ್ನು ಬಿಡುತ್ತಿರುತ್ತೇವೆ. ನೀರಿನೊಳಗಿನ ಆ ಗಾಳಿಯೇ ಬಣ್ಣ ಬರೆಯುತ್ತದೆ, ಹೊರಗಿನ ಗಾಳಿ ಅದನ್ನು ಅಳಿಸುತ್ತದೆ. ನನ್ನ ಮೊದಲ ಮೂರು ಪ್ಲೇಟುಗಳು ಬರೀ ಬೂದು ಬಣ್ಣದಲ್ಲಿ ಎದ್ದವು. ಇದ್ದಿಲು ಬದಲಿಸಿದೆ, ಕಾವು ಬದಲಿಸಿದೆ, ಏನೂ ಆಗಲಿಲ್ಲ. ಕೊನೆಗೆ ಗೊತ್ತಾಯಿತು, ನಾನು ಪೆಟ್ಟಿಗೆಯನ್ನು ನೀರಿನಿಂದ ಒಂದು ಗೇಣು ಮೇಲೆ ಹಿಡಿದು ಮಗುಚುತ್ತಿದ್ದೆ. ಆ ಒಂದು ಗೇಣು ಸಾಕಾಗಿತ್ತು. ನಾಲ್ಕನೆಯ ಸಲ ಪೆಟ್ಟಿಗೆಯ ಬಾಯಿಯನ್ನು ನೀರಿಗೆ ತಾಗಿಸಿಯೇ ಮಗುಚಿದೆ. ಪ್ಲೇಟ್ ಎತ್ತಿದಾಗ ನೀಲಿ ಕಂಡಿತು! ಹಬೆ ಮುಖಕ್ಕೆ ಹಾಯುತ್ತದೆ, ಆದ್ದರಿಂದ ಮುಖಗವಚ, ಚರ್ಮದ ಕೈಗವಸು ಇಲ್ಲದೆ ಹತ್ತಿರ ಹೋಗಬೇಡಿ.

ಎಲ್ಲ ಭಾಗಕ್ಕೂ ಇದನ್ನು ಮಾಡಬಹುದಾ? ಖಂಡಿತ ಇಲ್ಲ. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಆರ್ಮರಿ ಎಂಬ ಬಂದೂಕು ಕಾರ್ಖಾನೆಯಲ್ಲಿ 1903ರ ಮಾದರಿಯ ರೈಫಲ್ ರಿಸೀವರುಗಳ (ನಳಿಗೆ ಕೂರುವ, ಗುಂಡು ಹಾರಿಸುವ ಯಂತ್ರವಿರುವ ನಡುಭಾಗ) ಕಾವನ್ನು ಕೆಲಸಗಾರರು ಕಣ್ಣಳತೆಯಲ್ಲೇ ನೋಡುತ್ತಿದ್ದರು. ಕಾದ ಉಕ್ಕು ಮೋಡದ ದಿನ ಕಂಡಷ್ಟು ಕೆಂಪಾಗಿ ಬಿಸಿಲಿನ ದಿನ ಕಾಣುವುದಿಲ್ಲ. ಹಾಗಾಗಿ ಬಿಸಿಲಿದ್ದಾಗ ಗೊತ್ತಾಗದೆ ಕಾವು ಏರಿಬಿಡುತ್ತಿತ್ತು. ಕೆಲವು ರಿಸೀವರುಗಳು ಪೆಡಸಾಗಿ, 1917ರಲ್ಲಿ ಗುಂಡು ಹಾರಿಸುವಾಗ ಒಡೆದವು. ಆಮೇಲೆ ಕುಲುಮೆಯ ಕಾವು ಅಳೆಯುವ ಪೈರೋಮೀಟರ್ ಬಂತು. ನುರಿತ ಕಣ್ಣುಗಳೇ ಅಲ್ಲಿ ಮೋಸ ಹೋಗಿದ್ದವು. ಮನೆಯ ಕುಲುಮೆಯಲ್ಲಿ ನಾವು ಗುಂಡಿನ ಒತ್ತಡ ತಾಳುವ ಫ್ರೇಮು, ರಿಸೀವರು, ಗುಂಡಿನ ಹಿಂದೆ ಮುಚ್ಚಿಕೊಳ್ಳುವ ಬೋಲ್ಟುಗಳನ್ನು ಮುಟ್ಟಬಾರದು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಹೊಸ ಮಿಶ್ರಲೋಹದ ಉಕ್ಕಂತೂ ಬೇಡವೇ ಬೇಡ, ಅದು ಒಳಗಿನವರೆಗೂ ಪೆಡಸಾಗಬಹುದು. ಲಾಕ್ ಪ್ಲೇಟು, ಟ್ರಿಗರ್ ಗಾರ್ಡು, ಬಂದೂಕಿನ ಹಿಂತುದಿಯ ಬಟ್ ಪ್ಲೇಟು, ನಮಗೆ ಅಷ್ಟು ಸಾಕು. ಅವೂ ಸೊಟ್ಟಗಾಗುತ್ತವೆ. ತೆಳು ಭಾಗಕ್ಕೆ ಉಕ್ಕಿನ ತುಂಡೊಂದನ್ನು ಆಸರೆಯಾಗಿ ಬಿಗಿದು ಕಾಯಿಸಿ.

ಗ್ಯಾಸ್ ಟಾರ್ಚಿನಿಂದ ಕಾಯಿಸಿ, ರಾಸಾಯನಿಕ ಹಚ್ಚಿ ಇಂಥದೇ ಬಣ್ಣ ತರುವವರಿದ್ದಾರೆ. ನೋಡಲು ಚೆನ್ನಾಗಿರುತ್ತದೆ, ಆದರೆ ಉಕ್ಕು ಮೊದಲಿನಷ್ಟೇ ಮೆದು. ನಿಜವಾದ ಕೆಲಸದಲ್ಲೂ ಬಣ್ಣ ಬೇಗ ಸವೆಯುತ್ತದೆ. ಅದಕ್ಕೆ ತೆಳುವಾಗಿ ಲ್ಯಾಕರ್ ಹಚ್ಚುತ್ತಾರೆ.

ಮೇಜಿನ ಮೇಲೆ ನನ್ನ ಆ ಬೂದು ಪ್ಲೇಟು ಮತ್ತು ನಾಲ್ಕನೆಯ ಪ್ಲೇಟು ಎರಡನ್ನೂ ಇಟ್ಟಿದ್ದೇನೆ. ಪಕ್ಕದಲ್ಲೇ ಒಂದು ಅರ ಇದೆ. ಬಂದು ಎರಡರ ಅಂಚಿನ ಮೇಲೂ ಮೆಲ್ಲಗೆ ಎಳೆದು ನೋಡಿ. ಎರಡರ ಮೇಲೂ ಒಂದೇ ಥರ ಜಾರುತ್ತದೆ.