ಕ್ವಾರಂಟೈನ್ ಅಂದರೆ ನಲವತ್ತು, ಜೈಲಲ್ಲ

ನಮಸ್ಕಾರ. ಹೋದ ವಾರದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ, "ಕ್ವಾರಂಟೈನ್ ಅಂದರೆ ರೋಗಿಯನ್ನು ಕೂಡಿಹಾಕುವುದು, ಅಷ್ಟೇ." ಅದಕ್ಕೆ ಲೈಕುಗಳ ಮಳೆ. ಓದಿ ನನಗೆ ನಿದ್ದೆಯೇ ಬರಲಿಲ್ಲ. ಕ್ವಾರಂಟೈನ್ ಅಂದರೆ ನಲವತ್ತು. ಅದೊಂದು ಎಣಿಕೆ.

ಇಟಲಿಯವರಿಗೆ ಕ್ವಾರಂತಾ ಅಂದರೆ ನಲವತ್ತು. ವೆನಿಸ್ ಕಡೆಯ ಮಾತಿನಲ್ಲಿ ಕ್ವಾರಂತೇನ ಅಂದರೆ ನಲವತ್ತು ದಿನದ ಗಡುವು. ಪ್ಲೇಗು ಹಡಗು ಹತ್ತಿ ಬರುತ್ತಿದ್ದ ಕಾಲ ಅದು. 1377ರಲ್ಲಿ ರಗೂಸಾ, ಅಂದರೆ ಈಗಿನ ಕ್ರೊಯೇಷಿಯಾದ ಡುಬ್ರೊವ್ನಿಕ್, ಒಂದು ಕಾನೂನು ಮಾಡಿತು. ಪ್ಲೇಗು ಇರುವ ಊರಿಂದ ಬಂದವರು ಒಂದು ತಿಂಗಳು ಹೊರಗೆ ಕಾಯಬೇಕು, ಆಮೇಲೆ ಒಳಗೆ ಬರಬಹುದು. ಮುಂದೆ ಆ ಮೂವತ್ತು ನಲವತ್ತಾಯಿತು. ಕಾಯಿಸಿದ್ದು ಯಾಕೆ? ಕಾಯಿಲೆ ಇದೆಯೋ ಇಲ್ಲವೋ ಗೊತ್ತಾಗಲಿ ಅಂತ! ಕಾಯಿಲೆ ಬಿದ್ದವರಿಗೆ ವೆನಿಸ್ 1423ರಲ್ಲಿ ದ್ವೀಪದ ಮೇಲೆ ಬೇರೆ ಆಸ್ಪತ್ರೆಯನ್ನೇ ಮಾಡಿತು. ರೋಗಿಯ ಜಾಗ ಬೇರೆ, ಕಾಯುವವನ ಜಾಗ ಬೇರೆ.

"ಪದದ ಅರ್ಥ ಬದಲಾಗುತ್ತೆ ಬಿಡಿ ಸಾರ್" ಅನ್ನುವವರಿದ್ದೀರಿ. 1663ರಲ್ಲೇ ಲಂಡನ್ನಿನ ನೌಕಾ ಇಲಾಖೆಯ ಅಧಿಕಾರಿ ಸ್ಯಾಮ್ಯುಯೆಲ್ ಪೀಪ್ಸ್ ತನ್ನ ದಿನಚರಿಯಲ್ಲಿ ಮೂವತ್ತು ದಿನದ ಕ್ವಾರಂಟೈನ್ ಅಂತ ಬರೆದಿದ್ದಾನೆ. ಮೂವತ್ತು ದಿನದ ನಲವತ್ತು! ಪದದ ಅರ್ಥಕ್ಕೆ ಇದು ಹೊಂದುವುದಿಲ್ಲ ಅಂತ ಅವನೇ ಅಲ್ಲಿ ಸೇರಿಸಿದ್ದಾನೆ. ಸಂಖ್ಯೆ ಹೆಚ್ಚುಕಮ್ಮಿ ಆಗಲಿ, ಎಣಿಕೆಯೇ ಹೋದರೆ ಹೇಗೆ? 1969ರಲ್ಲಿ ಚಂದ್ರನಿಂದ ಬಂದ ಆರ್ಮ್‌ಸ್ಟ್ರಾಂಗ್ ತಂಡಕ್ಕೂ 21 ದಿನದ ಲೆಕ್ಕ ಹಾಕಿದರು. ಅವರಿಗೆ ಕಾಯಿಲೆ ಇತ್ತಾ? ಎಣಿಸಿದರು, ಬಿಟ್ಟರು.

  

ನನಗೆ ಇಷ್ಟು ಸಿಟ್ಟು ಯಾಕೆ ಗೊತ್ತಾ? 2020ರಲ್ಲಿ, ಕೊರೊನಾ ಕಾಲದಲ್ಲಿ, ನಮ್ಮ ಬಾಗಿಲಿಗೂ ಕ್ವಾರಂಟೈನ್ ಚೀಟಿ ಅಂಟಿಸಿದ್ದರು. ಅದರಲ್ಲಿ ತಾರೀಖು ಇತ್ತು. ಇಂಥ ದಿನದಿಂದ ಇಂಥ ದಿನದವರೆಗೆ. ನಮ್ಮಮ್ಮ ಒಂದೊಂದೇ ದಿನ ಎಣಿಸಿದರು. ಒಂದು ಕೆಮ್ಮೂ ಇರಲಿಲ್ಲ. ತಾರೀಖು ಮುಗಿಯಿತು, ಚೀಟಿ ಕಿತ್ತರು. ಆದರೆ ಅಮ್ಮ ರಂಗೋಲಿ ಹಾಕಲು ಹೊರಗೆ ಬಂದರೆ ಎದುರು ಮನೆಯ ಬಾಗಿಲು ಮುಚ್ಚುತ್ತಿತ್ತು. ಎರಡು ತಿಂಗಳು ಹೀಗೇ! ಚೀಟಿಯ ಮೇಲಿನ ತಾರೀಖನ್ನು ಯಾರೂ ಓದಲಿಲ್ಲ. ಎಲ್ಲರೂ ಓದಿದ್ದು ಆ ಒಂದು ಪದ ಮಾತ್ರ, ಅದೂ ತಪ್ಪಾಗಿ.

ನಲವತ್ತು ಅಂದರೆ ನಲವತ್ತು. ನಲವತ್ತೊಂದನೇ ದಿನ ಬಾಗಿಲು ತೆಗೆಯಲೇಬೇಕು. ಇದರಲ್ಲಿ ವಾದ ಮಾಡುವುದಕ್ಕೆ ಏನಿದೆ?

ಆ ಕಮೆಂಟ್ ಬರೆದವರೇ, ದಯವಿಟ್ಟು ಇವತ್ತೇ ಅದನ್ನು ತಿದ್ದಿ.